ಇಲಿಯ ಮೇಲೂ ಹೊಟ್ಟೆಕಿಚ್ಚು

ತಂಗಿ ಒಂದೇ ದಿನದಲ್ಲಿ ಚೇತರಿಸಿಕೊಂಡಳು ಎಂಬ ಸುದ್ದಿ ಬಂದಾಗ ನಾನು ಅಂಗಳದಲ್ಲಿ ರಬ್ಬರ್ ಶೀಟು ಒಣಗಲು ಹಾಕುತ್ತಿದ್ದೆ. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ಇದನ್ನು ಚಂದ ಮಾಡಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಖಿನ್ನತೆ ಮೊದಲು ಬಂದದ್ದು ನನಗೆ. ಪುತ್ತೂರಿನ ಡಾಕ್ಟ್ರು ಮಾತ್ರೆ ಕೊಟ್ಟರು. ನುಂಗಿದೆ, ನುಂಗಿದೆ, ಎಷ್ಟೋ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿಯ ಪರಿಮಳ ಮೂಗಿಗೆ ಬಂತು. ಅಷ್ಟೇ. ಅದಾದ ಮೇಲೂ ಇಂಚು ಇಂಚಾಗಿ ಮೇಲೆ ಬಂದವಳು ನಾನು. ಈಗಲೂ ಮಾತ್ರೆ ಬಿಟ್ಟಿಲ್ಲ.

ಬೆಳ್ಳಾರೆಗೆ ಕೊಟ್ಟ ನನ್ನ ತಂಗಿಗೆ ಅದೇ ಕಾಯಿಲೆ ಆಮೇಲೆ ಬಂತು. ಅವಳಿಗೆ ಯಾವ ಮಾತ್ರೆಯೂ ಹಿಡಿಯಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು, ಬದುಕುವುದೇ ಬೇಡ ಎಂದಳು. ಮಂಗಳೂರಿಗೆ ಕರಕೊಂಡು ಹೋದರು. ಅಲ್ಲಿ ಕೆಟಮಿನ್ ಎಂಬ ಔಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟರಂತೆ. ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸುವ ಔಷಧ ಅದು, ಇವಳಿಗೆ ತೀರಾ ಕಡಿಮೆ ಪ್ರಮಾಣದಲ್ಲಿ. ಮರುದಿನ ಬೆಳಿಗ್ಗೆ ಎದ್ದು ಕೂತು ಬಂಗುಡೆ ಮೀನಿನ ಸಾರು ಉಂಟಾ ಎಂದು ಕೇಳಿದಳಂತೆ. ಚಿಕ್ಕಂದಿನಿಂದಲೂ ಅಷ್ಟೇ. ನಾನು ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡರೆ ಅವಳಿಗೆ ಜೀಪು ಸಿಗುವುದು.

ಪುತ್ತೂರಿನ ಡಾಕ್ಟ್ರ ಹತ್ತಿರ ಹೋಗಿ, "ನನಗೆ ಯಾಕೆ ಅದನ್ನು ಕೊಡಲಿಲ್ಲ?" ಎಂದು ನೇರ ಕೇಳಿದೆ.

"ಅದು ಮಾತ್ರೆ ಹಿಡಿಯದವರಿಗೆ, ಜೀವಕ್ಕೇ ಅಪಾಯ ಇರುವವರಿಗೆ. ನಿಮಗೆ ಮಾತ್ರೆ ಹಿಡಿದಿದೆ. ತಾಳಿದವನು ಬಾಳಿಯಾನು" ಎಂದರು ಅವರು.

ತಾಳುವವರಿಗೆ ಗೊತ್ತು ಮಾರಾಯ್ರೆ ಅದರ ಕಷ್ಟ. ಗಾದೆ ಹೇಳುವವರಿಗೆ ಎಂತ ಉಂಟು?

ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಔಷಧದಲ್ಲಿ ಏನಾದರೂ ಕುಂದು ಇರಲೇಬೇಕು. ನಾವು ಕಡಬದ ರಬ್ಬರಿನ ಜನ. ಮರಕ್ಕೆ ಹಾಲು ಬರಿಸುವ ಮದ್ದು ಹಚ್ಚಿದರೆ ಮುಂದಿನ ಸಲ ತೊಗಟೆ ಕೆತ್ತಿ ಟ್ಯಾಪಿಂಗ್ ಮಾಡುವಾಗ ಹಾಲು ಹಿಡಿಯುವ ಗೆರಟೆ ತುಂಬಿ ಚೆಲ್ಲುತ್ತದೆ. ಆಸೆಬುರುಕರು ಮತ್ತೆ ಮತ್ತೆ ಹಚ್ಚುತ್ತಾರೆ. ಕೊನೆಗೆ ಕೆತ್ತಿದ ತೊಗಟೆಯ ಪಟ್ಟೆ ಒಣಗಿ ಹಾಲೇ ನಿಲ್ಲುತ್ತದೆ. ಇದೂ ಅದೇ ಇರಬೇಕು ಎಂದುಕೊಂಡಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ನನ್ನ ಮಗಳು ಮಂಗಳೂರಿನಲ್ಲಿ ಫಾರ್ಮಸಿ ಓದುವುದು. ಅವಳಿಗೆ ಫೋನು ಮಾಡಿ, ಆ ಔಷಧದ ಹುಳುಕು ಹುಡುಕಿ ಹೇಳು ಎಂದೆ. ಅವಳು ಹೇಳಿದ್ದು ಇಲಿಯ ಕತೆ. ಮನುಷ್ಯರ ತಲೆ ಬಿಡಿಸಿ ನೋಡಲಾಗುವುದಿಲ್ಲವಲ್ಲ, ಅದಕ್ಕೆ ಇಲಿ. ಇಲಿಯನ್ನು ದಿನಗಟ್ಟಲೆ ಕಾಡಿಸಿ ಕಂಗೆಡಿಸಿ, ಆಮೇಲೆ ನೀರಿನ ಜಾಡಿಗೆ ಬಿಡುತ್ತಾರಂತೆ. ಕಂಗೆಟ್ಟ ಇಲಿ ಬೇಗ ಈಜು ಬಿಟ್ಟು, ಮೂಗು ಮಾತ್ರ ಮೇಲಿಟ್ಟು ಸುಮ್ಮನೆ ತೇಲುತ್ತದಂತೆ. ಮುಳುಗುವುದೂ ಇಲ್ಲ, ದಡ ಹುಡುಕುವುದೂ ಇಲ್ಲ. ಆ ಇಲಿಯ ಗುರುತು ನನಗೆ ಚೆನ್ನಾಗಿ ಸಿಕ್ಕಿತು. ಆದರೆ ಕೆಟಮಿನ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಕೈಕಾಲು ಬಡಿಯುತ್ತದಂತೆ. ಎಂತ ಸಾವು, ನನಗೆ ಇಲಿಯ ಮೇಲೂ ಹೊಟ್ಟೆಕಿಚ್ಚಾಯಿತು.

"ಮತ್ತೆ ಒಣಗುತ್ತದಾ?" ಎಂದು ಕೇಳಿದೆ.

"ಅಮ್ಮ, ಅದು ರಬ್ಬರ್ ಮರ ಅಲ್ಲ" ಎಂದಳು ಮಗಳು. ಮಿದುಳಿನ ನರಕೋಶಗಳ ಕವಲಿನಲ್ಲಿ ಸಣ್ಣ ಸಣ್ಣ ಮೊಗ್ಗಿನ ಹಾಗೆ ಇರುತ್ತದಂತೆ. ಒಂದು ಕೋಶ ಇನ್ನೊಂದರ ಜೊತೆ ಮಾತಾಡುವುದು ಅಲ್ಲಿ. ಕಂಗೆಟ್ಟ ಇಲಿಯಲ್ಲಿ ಅವು ಉದುರಿರುತ್ತವೆ. ಔಷಧ ಕೊಟ್ಟರೆ ಇಲಿ ಮೊದಲು ಈಜತೊಡಗುತ್ತದೆ, ಅದರ ಬೆನ್ನಿಗೆ ಮೊಗ್ಗು ಮತ್ತೆ ಮೂಡುತ್ತದೆ. ಆ ಮೊಗ್ಗು ಉಳಿದರೆ ಗುಣವೂ ಉಳಿಯುತ್ತದೆ, ಉದುರಿದರೆ ಗುಣವೂ ಇಳಿಯುತ್ತದೆ. ಅದಕ್ಕೇ ಕೆಲವರಿಗೆ ಮತ್ತೆ ಕೊಡಬೇಕಾಗುತ್ತದಂತೆ. ನಾನು ಹುಡುಕಿದ ಹುಳುಕು ಅಲ್ಲಿ ಇರಲಿಲ್ಲ.

ಸ್ವಲ್ಪ ದಿನದಲ್ಲೇ ತಂಗಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡನೇ ಡ್ರಿಪ್ಪಿಗೆ ಬನ್ನಿ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಅವಳ ಆರೈಕೆಗೆ ಅಲ್ಲೇ ಇದ್ದ ನಮ್ಮಮ್ಮ ಬೇಡವೇ ಬೇಡ ಎಂದು ಕೂತರು. ನಾನು ಬಸ್ಸು ಹತ್ತಿ ಬೆಳ್ಳಾರೆಗೆ ಹೋದೆ.

"ಒಮ್ಮೆ ಹಚ್ಚಿದ್ದು ಸಾಕು. ಇನ್ನೊಮ್ಮೆ ಹಚ್ಚಿದರೆ ಹುಡುಗಿ ಪೂರಾ ಒಣಗುತ್ತಾಳೆ. ಎಷ್ಟು ಮರ ನೋಡಿದ್ದೇನೆ ನಾನು" ಎಂದರು ಅಮ್ಮ. ತಂಗಿಯ ಗಂಡ ಯಾರು ಮಾತಾಡಿದರೂ ತಲೆಯಾಡಿಸುವ ಜನ, ಅಮ್ಮನಿಗೂ ಆಡಿಸಿದ. ತಂಗಿ ಗೋಡೆ ಕಡೆಗೇ, "ನಂಗೆ ಬೇಡ ಚೇಚಿ" ಎಂದಳು. ಕೇರಳದಿಂದ ಬಂದ ನಮ್ಮಲ್ಲಿ ಅಕ್ಕನಿಗೆ ಚೇಚಿ ಎನ್ನುವುದು.

ನಾನು ಸುಮ್ಮನಿದ್ದರೆ ಸಾಕಿತ್ತು. ಅವಳೂ ನನ್ನ ಹಾಗೆ ವಾರಗಟ್ಟಲೆ ತೇಲಲಿ ಎಂಬ ಆಸೆ ಎದೆಯೊಳಗೆ ಇತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಅವಳ ಬೆನ್ನು ನೋಡಿದೆ. ನೈಟಿಯ ಮೇಲಿನಿಂದ ಎಲುಬು ಕಾಣುತ್ತಿತ್ತು. ಇವಳು ತೇಲುವವಳಲ್ಲ, ಮುಳುಗುವವಳು.

"ಅಮ್ಮ, ಮರದ ಮದ್ದು ಒಳಗಿದ್ದ ಹಾಲನ್ನು ಹಿಂಡುದು. ಇದು ಹಿಂಡುದಲ್ಲ, ಚಿಗುರಿಸುದು" ಎಂದೆ. ಇಲಿಯ ಕತೆ ಪೂರಾ ಹೇಳಿದೆ. "ಚಿಗುರು ಉದುರಿದೆ, ಅಷ್ಟೆ. ಮತ್ತೆ ಎಷ್ಟು ಸಲ ಕೊಡುದು ಅಂತ ಡಾಕ್ಟ್ರು ನೋಡಿಕೊಳ್ತಾರೆ. ನಾವು ನೋಡುದು ಬೇಡ."

"ಹಾಗಾದರೆ ನೀವೇ ನೋಡಿಕೊಳ್ಳಿ" ಎಂದರು ಅಮ್ಮ. ಗೋಡೆ ಕಡೆಯಿಂದ ಸಣ್ಣ ಸ್ವರ ಬಂತು. "ಚೇಚಿ, ನಿಂಗೆ ಇಷ್ಟೆಲ್ಲ ಹೇಗೆ ಗೊತ್ತು?"

"ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೇಳಿ ತಿಳ್ಕೊಂಡದ್ದು" ಎಂದೆ.

ಅವಳು ಈ ಕಡೆ ತಿರುಗಿ ನನ್ನನ್ನೇ ನೋಡಿದಳು. ಆಮೇಲೆ ಸೀರೆ ಎಲ್ಲುಂಟು ಎಂದು ಕೇಳಿದಳು.

ಡ್ರಿಪ್ಪಿನ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತು, ತನ್ನ ಇಡ್ಲಿ ಮುಗಿಸಿ ನನ್ನ ತಟ್ಟೆಗೂ ಕೈ ಹಾಕಿದಳು. ಸಾಂಬಾರಿಗೆ ಉಪ್ಪು ಕಡಿಮೆ ಎಂದು ಬೈದಳು. ನನ್ನ ಹೊಟ್ಟೆ ಮತ್ತೆ ಉರಿಯಿತು. ಚೀಲದಿಂದ ನನ್ನ ಮಾತ್ರೆ ತೆಗೆದು, ಅವಳ ಲೋಟದ ನೀರಿನಲ್ಲೇ ನುಂಗಿದೆ.