ಹಲ್ಲಕ್ಕ ಸಾಕ್ಷಿ ಹೇಳಿದ ದಿನ

ಹಲ್ಲು ಕಟ್ಟುವ ಕೆಲಸ ಹಲ್ಲಕ್ಕನಿಗೆ ಗಂಡನಿಂದ ಬಂದದ್ದು. ಅವನು ಹೋಗಿ ಇಪ್ಪತ್ತೆರಡು ವರ್ಷ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಪ್ಲಾಸ್ಟರಿನಲ್ಲಿ ದವಡೆ ಎರಕ ಹೊಯ್ದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿಕೊಡುತ್ತಾಳೆ. ಆಮೇಲೆ ಒತ್ತಿದರೆ, ಚುಚ್ಚಿದರೆ ಜನ ಅದು ಸರಿಹೋಗುವ ತನಕ ವಾರವಾರ ನೇರ ಇವಳ ಹತ್ತಿರವೇ ಬರುತ್ತಾರೆ. ಬರುವುದು ಹಿತ್ತಿಲ ಬಾಗಿಲಿಂದ. ತಲೆಗೆ ಬಣ್ಣ ಹಾಕಿಸಿಕೊಂಡೆ ಅಂತ ಹೇಳುವವರಾದರೂ ಸಿಕ್ಕಾರು, ಹಲ್ಲು ಕಟ್ಟಿಸಿಕೊಂಡೆ ಅನ್ನುವವರು ಯಾರಿದ್ದಾರೆ? ಹಿತ್ತಿಲಲ್ಲಿ ಒಂದು ಬೆಂಚು. ಅಲ್ಲಿ ಕೂತವರು ಒಬ್ಬರನ್ನೊಬ್ಬರು ಕಂಡೂ ಕಾಣದ ಹಾಗೆ ಇರುತ್ತಾರೆ. ಒಳಗೆ ಗೋಡೆಯ ಹಲಗೆ ಮೇಲೆ ಅರ್ಧ ಊರಿನ ದವಡೆಗಳು ಪ್ಲಾಸ್ಟರಿನಲ್ಲಿ ಕಚ್ಚಿಕೊಂಡು ಕೂತಿವೆ. ಬರೀ ನಂಬರು, ಹೆಸರಿಲ್ಲ. ಯಾರ ಬಾಯಿ ಯಾವುದು ಅನ್ನುವುದನ್ನು ಹಲ್ಲಕ್ಕ ತನ್ನ ಅತ್ತೆಗೂ ಹೇಳಿದವಳಲ್ಲ.

ಅಂಥ ಮನೆಯ ಮೇಲೆ, ನಗರಸಭೆ ಚುನಾವಣೆಗೆ ಎರಡು ದಿನ ಇರುವಾಗ, ಒಂದು ಕರಪತ್ರ ಬಿತ್ತು. 'ನಗುಮುಖದ ಅಭ್ಯರ್ಥಿಯೇ, ಪ್ರತಿ ಗುರುವಾರ ಹಲ್ಲು ಕಟ್ಟುವವಳ ಹಿತ್ತಿಲಿಂದ ಒಳಗೆ ಹೋಗಿ, ಒಂದು ಗಂಟೆ ಬಿಟ್ಟು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬರುವುದೇಕೆ?' ಹಂಚಿಸಿದವನು ಎದುರಾಳಿ, ಮೀಸೆಯವನು.

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. "ಅಲ್ಲ ಕಣೆ, ನಿನಗೆ ಮೂವತ್ತಾರಿದ್ದಾಗ ಕಾಯೋಕೆ ಅಂತ ನಡುಮನೇಲಿ ಅಡ್ಡ ಮಲಗ್ತಿದ್ದೆ. ಒಂದು ನರಪಿಳ್ಳೆ ಬರಲಿಲ್ಲ. ಈಗ ಐವತ್ತೆಂಟಕ್ಕೆ ಬಂದನಾ?"

"ಬಂದದ್ದು ನಿಜ ಅತ್ತೆ."

"ಯಾಕೆ?"

"ಹೇಳೋ ಹಾಗಿಲ್ಲ."

ಅತ್ತೆ ನಕ್ಕರು, ಬೀದಿ ನಗಲಿಲ್ಲ. ಹೆಂಗಸರು ಇವಳು ಬಂದರೆ ಮಾತು ನಿಲ್ಲಿಸಿದರು. ಡಾಕ್ಟರುಗಳು ಒಬ್ಬೊಬ್ಬರಾಗಿ ಅಳತೆ ಕಳಿಸುವುದು ಬಿಟ್ಟರು. ಹೆಸರು ಹೋಯಿತು, ಅದರ ಬೆನ್ನಿಗೆ ಕೆಲಸವೂ ಹೋಗುವುದರಲ್ಲಿತ್ತು.

ನಗುಮುಖ ಮೂವತ್ತೊಂದು ಓಟಿನಲ್ಲಿ ಸೋತು ಕೋರ್ಟಿಗೆ ಹೋದ. ಒಂದು ದಿನ ಹಾಡುಹಗಲೇ ಹಲ್ಲಕ್ಕನ ಮುಂಬಾಗಿಲಿಗೆ ಬಂದು ನಿಂತ.

"ಅಕ್ಕಾ, ನೀವು ಸಾಕ್ಷಿ ಹೇಳಬೇಕು. ಹಲ್ಲಿನ ವಿಷಯ ಮಾತ್ರ ಬೇಡ. ಜನ ಓಟು ಹಾಕಿದ್ದೇ ಈ ನಗುವಿಗೆ."

"ಮತ್ತೆ ಯಾಕೆ ಬರ್ತಿದ್ರಿ ಅಂತ ಹೇಳಲಿ?"

"ಬಾಡಿಗೆ ಮನೆ ಕೇಳೋಕೆ ಅನ್ನಿ."

"ಪ್ರತಿ ಗುರುವಾರಾನಾ? ಸುಳ್ಳು ನನಗೆ ಬರಲ್ಲಪ್ಪ. ನಿಮ್ಮ ಬಾಯಿ ವಿಷಯಾನೂ ಹೇಳಲ್ಲ."

"ಹಾಗಾದ್ರೆ ಏನು ಹೇಳ್ತೀರಿ?"

"ಅದೇ ನನಗೂ ತಿಳೀತಿಲ್ಲ."

ಹೇಳಬಾರದ್ದು ಇನ್ನೂ ಒಂದಿತ್ತು. ಮೀಸೆಯವನೂ ಅವಳ ಗಿರಾಕಿಯೇ, ಶನಿವಾರದವನು. ಒಂದು ಸಲ ದಿನ ತಪ್ಪಿ ಗುರುವಾರ ಬಂದವನು, ಬೆಂಚಿನ ಮೇಲೆ ನಗುಮುಖ ಬೊಚ್ಚುಬಾಯಲ್ಲಿ ಕೂತಿದ್ದನ್ನು ಕಣ್ಣಾರೆ ನೋಡಿಹೋಗಿದ್ದ. ಕೋರ್ಟಿನಲ್ಲಿ ಮಾತ್ರ, "ಗಂಡಸು ಹಿತ್ತಿಲಿಂದ ಹೋದರೆ ಯಾರಾದ್ರೂ ಏನಂದ್ಕೋತಾರೆ? ನಾನು ನಿಜ ಅಂತ ನಂಬಿಯೇ ಬರೆಸಿದೆ" ಎಂದು ಮೀಸೆ ತಿರುವಿದ. ನಂಬಿ ಬರೆಸಿದ್ದರೆ ಗೆಲುವು ಉಳಿಯುತ್ತದೆ, ಸುಳ್ಳೆಂದು ಗೊತ್ತಿದ್ದೂ ಬರೆಸಿದ್ದರೆ ಹೋಗುತ್ತದೆ. ಅದು ಕಾನೂನು.

ಹಲ್ಲಕ್ಕ ಕಟಕಟೆ ಹತ್ತಿದಳು.

"ಇವರು ಹಿತ್ತಿಲಿಂದ ಯಾಕಮ್ಮ ಬರ್ತಿದ್ರು?" ಮೀಸೆಯವನ ವಕೀಲ ಕೇಳಿದ.

"ಬಂದವರನ್ನ ಕೇಳಿ."

"ಒಂದು ಗಂಟೆ ಒಳಗೆ ಏನು ಮಾಡ್ತಿದ್ರಿ?"

"ಕೆಲಸ."

ಕೋರ್ಟು ಗೊಳ್ಳೆಂದಿತು. ಹಲ್ಲಕ್ಕನ ಕಿವಿ ಸುಟ್ಟವು, ಕಣ್ಣು ತುಂಬಿದವು. ಆದರೂ ಬಾಯಿ ಬಿಡಲಿಲ್ಲ. ಅದನ್ನು ನೋಡಿ ನಗುಮುಖನಿಗೆ ತಡೆಯಲಾಗಲಿಲ್ಲ. ಎದ್ದವನೇ ಬಾಯಿಗೆ ಎರಡು ಬೆರಳು ಹಾಕಿ, ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಮೇಜಿನ ಮೇಲೆ ಇಟ್ಟುಬಿಟ್ಟ. "ಇದಕ್ಕೆ ಹೋಗ್ತಿದ್ದೆ ಶ್ವಾಮಿ" ಎಂದ. ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡರು. ಮೀಸೆಯವನಿಗೆ ನಗು ಉಕ್ಕಿತು. ಬೆಂಚು ಬಡಿದು ಬಡಿದು, ಬಾಯಿ ಅಷ್ಟಗಲ ಮಾಡಿ ನಕ್ಕ. ಕರಪತ್ರ ಹಂಚಿದ ಮೇಲೆ ಅವನು ಹಲ್ಲಕ್ಕನ ಹಿತ್ತಿಲಿಗೆ ತಲೆ ಹಾಕಿರಲಿಲ್ಲ, ಎಂಟು ತಿಂಗಳಲ್ಲಿ ವಸಡು ಇಳಿದಿತ್ತು. ನಗುವಿನ ನಡುವೆ ಮೇಲಿನ ಸೆಟ್ಟು ಟಕ್ಕನೆ ಕಳಚಿ ಬಿದ್ದು, ನೆಲದ ಮೇಲೆ ಜಾರಿ ಕಟಕಟೆಯ ಬುಡಕ್ಕೆ ಬಂತು.

ಹಲ್ಲಕ್ಕನ ಕೈ ಇಪ್ಪತ್ತೆರಡು ವರ್ಷದಿಂದ ಮಾಡಿದ್ದನ್ನೇ ಮಾಡಿತು. ಬಗ್ಗಿ ಎತ್ತಿಕೊಂಡಳು, ಕರ್ಚೀಫಿನಲ್ಲಿ ಒರೆಸಿ, ಒಳಮೈಗೆ ಹೆಬ್ಬೆರಳು ಆಡಿಸಿದಳು. "ಎಂಟು ತಿಂಗಳು ಬರದೇ ಇದ್ರೆ ಸಡಿಲ ಆಗದೆ ಇನ್ನೇನಾಗುತ್ತೆ?" ಅಂದವಳು ನಾಲಗೆ ಕಚ್ಚಿಕೊಂಡಳು.

ಜಡ್ಜು ಮೀಸೆಯವನ ಕಡೆ ತಿರುಗಿದರು. "ಹಾಗಾದ್ರೆ ನೀವೂ ಆ ಹಿತ್ತಿಲು ಬಲ್ಲಿರಿ. ಜನ ಅಲ್ಲಿಗೆ ಯಾಕೆ ಹೋಗ್ತಾರೆ ಅನ್ನೋದೂ ಬಲ್ಲಿರಿ. ಅಲ್ಲವೇ?"

ಅಂಗೈಯ ಹಿಂದಿನಿಂದ "ಹೂಂ" ಅನ್ನುವ ಸದ್ದು ಬಂತು. ಗೆಲುವು ಹೋಯಿತು.

ಹೊರಗೆ ಮೆಟ್ಟಿಲ ಹತ್ತಿರ ಮೀಸೆಯವನು ಬಾಯಿ ಮುಚ್ಚಿಕೊಂಡೇ ಹಿಂದೆ ಬಂದ. "ಅಕ್ಕಾ, ಶೆಟ್ಟು..."

"ಹೀಗೇ ಹಾಕ್ಕೊಂಡ್ರೆ ಹುಣ್ಣಾಗುತ್ತೆ. ಸರಿ ಮಾಡಿ ನಾಳೆ ಕೊಡ್ತೀನಿ. ಅಷ್ಟರಲ್ಲಿ ಚೀಟಿ ಹಂಚಿದ ಮನೆಗಳಿಗೆಲ್ಲ ಹೋಗಿ, ಅದು ಸುಳ್ಳು ಅಂತ ಹೇಳಿ ಬನ್ನಿ."

"ಬೊಚ್ಚುಬಾಯಲ್ಲೇನಾ?"

"ನನಗೇನು, ನಿಧಾನವಾಗಿ ಹೇಳಿ. ಅರ್ಥ ಆಗುತ್ತೆ."

ಬೇರೆ ದಾರಿ ಇರಲಿಲ್ಲ, ಸೆಟ್ಟು ಅವಳ ಮುಷ್ಟಿಯಲ್ಲಿತ್ತು. ಬೀದಿಯ ಮೊದಲ ಮನೆ ಹಲ್ಲಕ್ಕನದೇ. ಬಾಗಿಲು ತೆರೆದ ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ಅಂಗೈ ಕಿವಿಗಿಟ್ಟು, "ಏನಂದೆ ಮಗಾ? ತಿಳೀಲಿಲ್ಲ, ಗಟ್ಟಿಯಾಗಿ ಹೇಳು" ಎಂದರು. ಅವನು ಮೂರನೇ ಸಲ ಕೂಗಿ ಹೇಳುವ ಹೊತ್ತಿಗೆ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು.