ಎರಡು ಹೋಳಿನ ಡ್ಯೂಟಿ

ಮಕ್ಕಳೊಂದಿಗರಿಗೆ ಇದಕ್ಕಿಂತ ಅನುಕೂಲದ ಕೆಲಸ ಇನ್ನೊಂದಿಲ್ಲ ಎಂದು ನನಗೆ ಹೇಳದವರೇ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಮತ್ತೆ ಸಾಯಂಕಾಲ ನಾಲ್ಕರಿಂದ ಏಳೂವರೆ. ಹೀಗೆ ದಿನವನ್ನು ಎರಡು ಹೋಳು ಮಾಡಿದ ಕೆಲಸಕ್ಕೆ ಸ್ಪ್ಲಿಟ್ ಡ್ಯೂಟಿ ಎನ್ನುತ್ತಿದ್ದರು. ನಡುವಿನ ಐದು ಗಂಟೆ ನನ್ನದೇ. ಸೊಸೆ ಕೆಲಸಕ್ಕೆ ಹೋಗುತ್ತಾಳೆ ಎಂದರೆ ಮುಖ ಸಿಂಡರಿಸುತ್ತಿದ್ದ ಕುಣಿಗಲ್ಲಿನ ನಮ್ಮ ಅತ್ತೆಯವರೂ ಒಪ್ಪಿಬಿಟ್ಟಿದ್ದರು. "ಮಧ್ಯಾನ ಪೂರ್ತಿ ಮನೇಲೇ ಇರ್ತಾಳೆ ಬುಡು, ಮಗೀಗೇನೂ ತೊಂದ್ರೆ ಇಲ್ಲ" ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು.

ಆ ಐದು ಗಂಟೆ ನನ್ನ ಮಗಳು ನಿದ್ದೆ ಮಾಡುತ್ತಿದ್ದಳು. ಸದಾಶಿವನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ನಾನು ಹೊರಡುವಾಗ ಅವಳು ಆಗಷ್ಟೇ ಎದ್ದು ಕೂತಿರುತ್ತಿದ್ದಳು. ನಮ್ಮ ಯಜಮಾನರು ಆಫೀಸಿಗೆ ಹೊರಡುವ ತನಕ ನೋಡಿಕೊಂಡು, ಆಮೇಲೆ ಮನೆ ಓನರಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದರು. ಹನ್ನೊಂದೂಕಾಲಿಗೆ ನಾನು ಬಂದಾಗ ಆಟವಾಡಿ ಸುಸ್ತಾಗಿ ಕಣ್ಣುಜ್ಜುತ್ತಿರುತ್ತಿದ್ದಳು. ಒಂದಿಷ್ಟು ಉಂಡು ಮಲಗಿದರೆ ಮೂರೂವರೆ. ಅವಳು ಎದ್ದು ಮೈ ಮುರಿಯುವ ಹೊತ್ತಿಗೆ ನಾನು ಮತ್ತೆ ಸೀರೆ ನೆರಿಗೆ ಹಿಡಿಯುತ್ತಿದ್ದೆ. ಅವಳಿಗೆ ನಾನು ಒಂದೂವರೆ ವರ್ಷ ಇದ್ದುದು ಹೀಗೆ, ಬಾಗಿಲಲ್ಲಿ ಚಪ್ಪಲಿ ಬಿಡುವವಳಾಗಿ, ಚಪ್ಪಲಿ ಮೆಟ್ಟುವವಳಾಗಿ.

ಆಮೇಲೆ ಓನರಮ್ಮನಿಗೆ ಮಂಡಿನೋವು ಜೋರಾಯಿತು. ಮಗುವನ್ನು ಗುಬ್ಬಿಯಲ್ಲಿದ್ದ ನನ್ನ ತಾಯಿಯ ಹತ್ತಿರ ಬಿಟ್ಟೆವು. ಎರಡು ತಿಂಗಳಿಗೆ ಎಂದು ಬಿಟ್ಟದ್ದು ಮೂರೂವರೆ ವರ್ಷವಾಯಿತು. ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮೊದಮೊದಲು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಳು ಬರುತ್ತಿತ್ತು. ಆಮೇಲೆ ನಿಂತುಹೋಯಿತು. ನಿಂತುಹೋದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಇದಕ್ಕೆ ಕೆಲಸವೂ ಸ್ವಲ್ಪ ಕಾರಣ ಎಂದು ಈಗ ಅನ್ನಿಸುತ್ತದೆ. ಬೋರ್ಡಿನ ಮುಂದೆ ಕೂತು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡರೆ ಒಂದು ದನಿ ತಾನಾಗಿ ಬರುತ್ತಿತ್ತು. ಆ ದನಿಗೆ ಸಿಟ್ಟಿಲ್ಲ, ಸಂತೋಷವಿಲ್ಲ. ಬೇರೆ ಊರುಗಳಿಗೆ ಬುಕ್ ಆದ ಟ್ರಂಕ್ ಕಾಲ್‌ಗಳ ಚೀಟಿಗಳು ಒಂದರ ಮೇಲೊಂದು ಬರುತ್ತಿದ್ದವು. ನಂಬರು ನೋಡು, ವೈರು ಚುಚ್ಚು, ಮಾತಾಡಿ ಅನ್ನು, ಮೂರು ನಿಮಿಷವಾದರೆ ನಡುವೆ ಬಾಯಿ ಹಾಕಿ ಹೇಳು, ವೈರು ಕಿತ್ತು ಮುಂದಿನ ಚೀಟಿ ತೊಗೋ. ಬೆಳ್ಳಾವಿಯ ವ್ಯಾಪಾರಿ ತೆಂಗಿನಕಾಯಿ ಲೋಡು ಬರಲಿಲ್ಲ ಎಂದು ಕಿರುಚುತ್ತಿದ್ದರೂ, ಯಾರದೋ ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೋಗುತ್ತಿದ್ದರೂ ಅದೇ "ಮೂರು ನಿಮಿಷ ಆಯ್ತು." ಹೊಸದಾಗಿ ಸೇರಿದಾಗ ಸಾವಿನ ಕರೆಯೊಂದನ್ನು ಕಡಿಯಲಾರದೆ ಬಿಟ್ಟುಕೊಂಡು ಕೂತಿದ್ದೆ. ಸೂಪರ್‌ವೈಸರ್ ಬಂದು, "ಎಲ್ಲಾರ್ಗೂ ಅಳ್ತಾ ಕೂತ್ರೆ ಲೈನ್ ಯಾರಮ್ಮಾ ಕೊಡ್ತಾರೆ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗುಬ್ಬಿಗೆ, ಕುಣಿಗಲ್ಲಿಗೆ ಇದ್ದ ಲೈನುಗಳೇ ಬೆರಳೆಣಿಕೆಯಷ್ಟು.

ಮಗಳಿಗೆ ಐದು ತುಂಬುತ್ತಿತ್ತು. ಜೂನ್‌ನಲ್ಲಿ ಅವಳನ್ನು ತುಮಕೂರಿಗೇ ಕರೆದುಕೊಂಡು ಬಂದು ಒಂದನೇ ಕ್ಲಾಸಿಗೆ ಹಾಕಬೇಕು ಎಂದು ನಾನು ಹಟ ಹಿಡಿದೆ. ಅಮ್ಮನಿಗೆ ಇಷ್ಟವಿರಲಿಲ್ಲ. "ಇಲ್ಲೇ ಸ್ಕೂಲಿಗೆ ಹಾಕ್ತೀನಿ ಬಿಡೇ, ನೀನೇನ್ ಮನೇಲಿ ಇರ್ತೀಯಾ?" ಎಂದಳು. ಈ ವರ್ಷ ಗುಬ್ಬಿಯ ಶಾಲೆಗೆ ಸೇರಿಬಿಟ್ಟರೆ ಅವಳು ಅಲ್ಲಿಯವಳೇ ಆಗಿಹೋಗುತ್ತಾಳೆ, ನಾನು ಭಾನುವಾರದ ನೆಂಟಳಾಗಿಯೇ ಉಳಿಯುತ್ತೇನೆ ಎಂಬ ಹೆದರಿಕೆ ನನಗೆ. ಆದರೆ ಅಮ್ಮ ಕೇಳಿದ್ದೂ ಸರಿಯೇ. ನಾನು ಮನೆಯಲ್ಲಿರುವ ಐದು ಗಂಟೆ ಅವಳು ಶಾಲೆಯಲ್ಲಿರುತ್ತಾಳೆ. ಕೂಸಾಗಿದ್ದಾಗ ನಿದ್ದೆ, ಈಗ ಸ್ಕೂಲು. ಅನುಕೂಲದ ಕೆಲಸ ಅಂದರೆ ಹೀಗಿರಬೇಕು.

ಎಂಟರಿಂದ ಮೂರರವರೆಗೆ ಒಂದೇ ಪಟ್ಟಿನ ಡ್ಯೂಟಿಯೂ ಇತ್ತು. ಅದು ಸೀನಿಯಾರಿಟಿ ಪ್ರಕಾರ ಸಿಗುವಂಥದ್ದು, ನನ್ನ ಸರದಿ ದೂರವಿತ್ತು. ಆದರೆ ನಮ್ಮಲ್ಲಿ ಮ್ಯೂಚುಯಲ್ ಎಂಬ ಏರ್ಪಾಟಿತ್ತು. ಇಬ್ಬರು ಒಪ್ಪಿ ಚೀಟಿ ಬರೆದುಕೊಟ್ಟರೆ ಡ್ಯೂಟಿ ಅದಲು ಬದಲು ಮಾಡಿಕೊಳ್ಳಬಹುದು. ನನಗಿಂತ ಸೀನಿಯರ್ ಆಗಿದ್ದ ಒಬ್ಬಳು, ಇನ್ನೂ ಮದುವೆಯಾಗಿರಲಿಲ್ಲ, ಒಪ್ಪಿಕೊಂಡಳು. ಜೂನ್‌ನಿಂದ ಒಂದು ವರ್ಷ ನನ್ನ ಸ್ಪ್ಲಿಟ್ ಅವಳಿಗೆ, ಅವಳ ನೇರ ಡ್ಯೂಟಿ ನನಗೆ. ಬದಲಿಗೆ ಮಾರ್ಚ್‌ನಿಂದ ಮೇ ಮುಗಿಯುವ ತನಕ ಅವಳ ಭಾನುವಾರದ ಡ್ಯೂಟಿಯನ್ನೆಲ್ಲ ನನ್ನ ರಜೆ ಬಿಟ್ಟು ನಾನು ಮಾಡಬೇಕು. ಅವಳಿಗೆ ಭಾನುವಾರವೇ ಬೇಕಿತ್ತು, ಗಂಡಿನ ಕಡೆಯವರು ನೋಡಲು ಬರುತ್ತಿದ್ದುದು ಆವತ್ತೇ.

"ಯಾವನಾದ್ರೂ ಒಪ್ಕೊಂಡ್ರೆ ನಿಂಗೆ ಕಷ್ಟ ಕಣೇ" ಎಂದು ಅವಳು ನಗುತ್ತಿದ್ದಳು. ಒಪ್ಪಿ, ಮದುವೆಯಾಗಿ, ಬೇರೆ ಊರಿಗೆ ವರ್ಗ ಮಾಡಿಸಿಕೊಂಡರೆ ನನ್ನ ಲೆಕ್ಕಾಚಾರವೆಲ್ಲ ಮಣ್ಣುಪಾಲು. ನಾನೂ ನಕ್ಕೆ. ಆದರೆ ಅವಳನ್ನು ನೋಡಿಹೋದವರು ಯಾರೂ ಒಪ್ಪದಿರಲಿ ಎಂದು ಮೂರು ತಿಂಗಳು ದೇವರಿಗೆ ಕೈಮುಗಿದಿದ್ದೇನೆ. ಒಪ್ಪಲಿಲ್ಲ. ಸೋಮವಾರ ಅವಳು ಊದಿದ ಕಣ್ಣು ಹೊತ್ತು ಡ್ಯೂಟಿಗೆ ಬಂದರೆ ನನಗೆ ಸಮಾಧಾನವಾಗುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಮಗಳನ್ನು ಮನೆಗೆ ತರುವುದಕ್ಕೋಸ್ಕರ ಮಗಳನ್ನು ನೋಡುವುದನ್ನೇ ಬಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಗುಬ್ಬಿಗೆ ಹೋಗಿ ಬರಬಹುದಿತ್ತಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ, ಮಾರ್ಚ್ ಮೊದಲಲ್ಲಿ ಎರಡು ಸಲ ಹೋಗಿದ್ದೆ. ಒಮ್ಮೆ ಅವಳು ಮಲಗಿದ್ದಳು, ಎಬ್ಬಿಸಬೇಡ ಎಂದಳು ಅಮ್ಮ. ಇನ್ನೊಮ್ಮೆ ವಾಪಸ್ಸು ಬರುವಾಗ ಬಸ್ಸು ಕೆಟ್ಟು ನಿಂತು, ಡ್ಯೂಟಿಗೆ ಅರ್ಧ ಗಂಟೆ ತಡವಾಗಿ ಮೆಮೊ ಸಿಕ್ಕಿತು. ಇನ್ನೊಂದು ಮೆಮೊ ಬಂದರೆ ಮ್ಯೂಚುಯಲ್ಲೂ ಕೊಡುವುದಿಲ್ಲ ಎಂದರು. ಆಮೇಲೆ ಹೋಗಲಿಲ್ಲ. ಆಪರೇಟರ್‌ಗಳು ಬೋರ್ಡಿನಿಂದ ಸ್ವಂತದ ಮಾತು ಆಡುವ ಹಾಗೂ ಇರಲಿಲ್ಲ.

ಮೇ ತಿಂಗಳ ಒಂದು ಶನಿವಾರ. ಹತ್ತೂವರೆ ಇರಬಹುದು, ಮಂಡಿಗಳು ಬಾಗಿಲು ತೆಗೆದು ಎಲ್ಲರಿಗೂ ಒಟ್ಟಿಗೇ ಫೋನು ಬೇಕಾಗುವ ಹೊತ್ತು. ಗುಬ್ಬಿಯ ಚೀಟಿಗಳೇ ಹತ್ತಾರು ಬಿದ್ದಿದ್ದವು. ಅದರಲ್ಲೊಂದು ಒಂದು ಲಾರಿ ಆಫೀಸಿನಿಂದ ಒಂದು ಕೊಬ್ಬರಿ ಮಂಡಿಗೆ. ಕೊಟ್ಟೆ. ಮೂರು ನಿಮಿಷವಾದಾಗ ನಡುವೆ ಹೋಗಿ ಹೇಳಿದೆ. ಆ ಕಡೆಯಿಂದ ಒಂದು ಮಗುವಿನ ದನಿ "ಅಮ್ಮಾ?" ಎಂದಿತು. ದಿನಕ್ಕೆ ಎಷ್ಟೋ ಮಕ್ಕಳು ಲೈನಿನಲ್ಲಿ ಅಮ್ಮಾ, ಅಪ್ಪಾ ಎನ್ನುತ್ತವೆ. "ಟೈಮಾಯ್ತು, ಇಡಿ" ಎಂದು ವೈರು ಕಿತ್ತು ಮುಂದಿನ ಚೀಟಿ ತೆಗೆದುಕೊಂಡೆ.

ಆವತ್ತು ರಾತ್ರಿ ಯಜಮಾನರು, "ಗುಬ್ಬಿಗೆ ಮಾತಾಡ್ದೆ. ಸೋಮವಾರ ಇಲ್ಲಿ ಸ್ಕೂಲ್ ಹೆಡ್‌ಮಿಸ್ ಮಗೂನ ನೋಡ್ಬೇಕಂತೆ, ಕರ್ಕೊಂಡು ಬರೋಕೆ ನಿಮ್ಮಮ್ಮಂಗೆ ಹೇಳಿದೀನಿ" ಎಂದರು. ಆಮೇಲೆ, "ಮಗೂನ ಮಾತಾಡ್ಸೋ ಹೊತ್ಗೆ ಯಾವಳೋ ಕಟ್ ಮಾಡಿದ್ಲು. ಏನ್ ಜನಾನೋ ನಿಮ್ಮೋರು" ಎಂದು ರೇಗಿಸಿದರು. "ಸುಮ್ನೆ ಕಟ್ ಮಾಡ್ತಾರಾ, ಚೀಟಿ ರಾಶಿ ಬಿದ್ದಿರುತ್ತೆ" ಎಂದೆ. ಎಲ್ಲಿಂದ ಮಾಡಿದಿರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಅಕ್ಕಿ ಆರಿಸುತ್ತಿದ್ದೆ.

ಸೋಮವಾರ ಅಮ್ಮ ಮಗಳನ್ನು ಕರೆದುಕೊಂಡು ಬಂದಳು. ಎರಡೂವರೆ ತಿಂಗಳಲ್ಲಿ ಮಗಳು ಉದ್ದವಾಗಿದ್ದಳು, ಮುಂದಿನ ಹಲ್ಲೊಂದು ಬಿದ್ದಿತ್ತು. ನನ್ನನ್ನು ನೋಡಿ ಅಜ್ಜಿಯ ಸೆರಗು ಹಿಡಿದುಕೊಂಡಳು, ಆಮೇಲೆ ತಾನೇ ಬಿಟ್ಟಳು. ಶಾಲೆಯಲ್ಲಿ ಹೆಸರು ಕೇಳಿದರು, ಅ ಆ ಹೇಳಿಸಿದರು, ಫಾರಂ ತುಂಬಿಸಿಕೊಂಡರು. ಜೂನ್‌ನಿಂದ ಬರಬಹುದು ಎಂದರು. ಅಷ್ಟೇ, ಆಗಿಹೋಯಿತು. ಇಷ್ಟು ದಿನ ಒದ್ದಾಡಿದ್ದು ಕೈಗೂಡಿದಾಗ ಹಿಗ್ಗಬೇಕಲ್ಲ, ನನಗೆ ಹಸಿವಾಗಿದೆ ಎಂಬುದೊಂದೇ ಗೊತ್ತಾಗುತ್ತಿತ್ತು.

ಮನೆಗೆ ಬರುವ ಹೊತ್ತಿಗೆ ಎರಡೂವರೆ ದಾಟಿತ್ತು. ಊಟ ಮಾಡಿ ಅಮ್ಮ ಒಳಗಿನ ಕೋಣೆಯಲ್ಲಿ ಅಡ್ಡಾದಳು. ಮಗಳು ನಿಧಾನವಾಗಿ ಉಣ್ಣುವವಳು. ನನಗೆ ನಾಲ್ಕಕ್ಕೆ ಡ್ಯೂಟಿ. "ಬೇಗ ಬೇಗ ಉಣ್ಣು, ಟೈಮಾಯ್ತು" ಎಂದೆ.

ಅವಳು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದಳು.

"ಫೋನಲ್ಲಿ ನೀನೇ ಅಲ್ವಾ?"

"ಯಾವ ಫೋನು?"

"ಮಂಡಿ ಫೋನು. ಅಪ್ಪ ಮಾತಾಡ್ತಿದ್ರು. ನೀನು ಬಂದು ಮೂರು ನಿಮಿಷ ಆಯ್ತು ಅಂದೆ. ನಾನು ಅಮ್ಮಾ ಅಂದೆ. ನೀನು ಟೈಮಾಯ್ತು ಅಂದ್ಬಿಟ್ಟೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಒಪ್ಪಿಸಿದಳು. ಯಜಮಾನರ ಆಫೀಸಿನ ಪಕ್ಕ ಒಂದು ಲಾರಿ ಆಫೀಸಿದೆ, ಗುಬ್ಬಿಯ ಮನೆಯ ಎದುರು ಕೊಬ್ಬರಿ ಮಂಡಿಯಿದೆ. ಎರಡೂ ನನಗೆ ಗೊತ್ತಿದ್ದ ಜಾಗಗಳೇ. ಮೂರು ಜನ ಒಂದೇ ಲೈನಿನಲ್ಲಿದ್ದೆವು. ಗಂಡನ ದನಿ ನನಗೆ ಗೊತ್ತಾಗಲಿಲ್ಲ, ನನ್ನ ದನಿ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇವಳಿಗೊಬ್ಬಳಿಗೆ. ಇವಳು ಕರೆದದ್ದು ನನ್ನನ್ನೇ, ನನಗೆ ಚೆನ್ನಾಗಿ ಕೇಳಿಸಿಯೂ ಇತ್ತು.

"ಅಜ್ಜಿ ಅದು ಅಮ್ಮ ಅಲ್ಲ ಅಂದ್ಲು" ಎಂದಳು ಮಗಳು. "ಅಮ್ಮ ಆಗಿದ್ರೆ ನಿನ್ ಜೊತೆ ಮಾತಾಡ್ದೆ ಇರ್ತಿದ್ಲಾ ಅಂದ್ಲು."

ನನಗೆ ಆಗ ಎದೆ ಒಡೆದುಹೋಗಬೇಕಿತ್ತು. ಏನೂ ಆಗಲಿಲ್ಲ. ಹೌದು ನಾನೇ ಎಂದರೆ ಮುಂದಕ್ಕೆ ಏನು ಹೇಳಬೇಕು ಎಂದು ಯೋಚಿಸಿದೆ, ಗೊತ್ತಾಗಲಿಲ್ಲ. ಜೂನ್‌ನಲ್ಲಿ ಅವಳು ಇಲ್ಲಿಗೆ ಬರಬೇಕು, ನನ್ನ ಹತ್ತಿರ ಇರಬೇಕು. ಅಷ್ಟೇ ತಲೆಯಲ್ಲಿದ್ದುದು.

"ಅಜ್ಜಿ ಹೇಳಿದ್ದು ಸರಿ ಕಣೇ" ಎಂದೆ. "ಅದು ಬೇರೆ ಆಂಟಿ."

ಅವಳು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಆ ಆಂಟಿಗೆ ಮಕ್ಕಳಿದಾರಾ?"

"ಒಬ್ಳು ಮಗಳಿದಾಳೆ."

"ಅವಳ ಜೊತೆ ಮಾತಾಡ್ತಾರಾ?"

"ಡ್ಯೂಟಿ ಮುಗಿದ ಮೇಲೆ ಮಾತಾಡ್ತಾರೆ."

ಅವಳು ಹೂಂ ಎಂದಳು. ನಂಬಿದಳೋ, ನನ್ನ ಮುಖ ನೋಡಿ ಸುಮ್ಮನಾದಳೋ ನನಗೆ ಇವತ್ತಿಗೂ ತಿಳಿಯದು. ಮೂರೂಮುಕ್ಕಾಲಾಗಿತ್ತು. ತಟ್ಟೆಯಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿ ಅವಳ ಮುಂದಿಟ್ಟೆ. ಕೈ ತೊಳೆದುಕೊಂಡು ಚಪ್ಪಲಿ ಮೆಟ್ಟಿ, ಅವಳ ಜೊತೆ ಇನ್ನೊಂದು ಮಾತೂ ಆಡದೆ ಎಕ್ಸ್‌ಚೇಂಜಿಗೆ ಹೊರಟೆ.