ತುಂಬು ತೋಳಿನ ಅಂಗಿ

ಬೀದಿಯವರ ಬಾಯಲ್ಲಿ ಅವಳು ಸಿನಿಮಾ ಟೈಲರಮ್ಮ. ನಲವತ್ತು ವರ್ಷದ ಹಿಂದೆ ಈ ಬೀದಿಯಲ್ಲೇ ನಡೆದ ಘಟನೆಯ ಮೇಲೆ ಒಂದು ಚಿತ್ರ ಬಂದಿತ್ತು. ಹೆತ್ತ ಅಪ್ಪನೇ ಎಂಟು ವರ್ಷದ ಮಗಳನ್ನು ಸಿಗರೇಟಿನಿಂದ ಸುಡುತ್ತಿದ್ದ, ಬೇಲಿಯೇ ಎದ್ದು ಹೊಲ ಮೇದ ಕಥೆ. ಚಿತ್ರದ ಟೈಲರಮ್ಮ ಅಳತೆ ತೆಗೆಯುವಾಗ ಸುಟ್ಟ ಗಾಯ ನೋಡಿ, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಪೊಲೀಸ್ ಠಾಣೆಗೆ ಓಡುತ್ತಾಳೆ. ಆ ಓಟ ನೋಡಿ ಜನ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ.

ನಿಜವಾದ ಟೈಲರಮ್ಮ ಕೂತಲ್ಲಿಂದ ಏಳಲೂ ಇಲ್ಲ. ಗಾಯ ನೋಡಿದಳು. ಹುಡುಗಿ ತನ್ನ ಮುಖವನ್ನೇ ನೋಡುತ್ತಿರುವುದನ್ನೂ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ, ತೋಳು ಮಣಿಕಟ್ಟಿನವರೆಗೂ ಇರಲಿ ಎಂದ. ಊರ ಉಸಾಬರಿ ನಮಗೇಕೆ ಎಂದುಕೊಂಡ ಆ ಜಾಣಕುರುಡಿ ಸುಡುಬೇಸಿಗೆಯಲ್ಲಿ ತುಂಬು ತೋಳು ಹೊಲಿದಳು. ಒಂದು ವರ್ಷದ ಮೇಲೆ ಆ ತೋಳನ್ನು ಮಡಚಿ ನೋಡಿ ಕೂಗಿಕೊಂಡವಳು ಶಾಲೆಯ ಆಯಾ. ಕಥೆ ಬರೆಯುವಾಗ ಅವಳನ್ನು ಯಾರೂ ಕೇಳಲಿಲ್ಲ; ಚಿತ್ರದವರಿಗೆ ಟೇಪೇ ಚಂದ ಕಂಡಿತು.

ಮೊದಮೊದಲು ಇವಳು, ನಾನೇನೂ ಮಾಡಿಲ್ಲ ಎಂದದ್ದುಂಟು. ಎಂಥ ದೊಡ್ಡ ಮನಸ್ಸು ಎಂದರು ಜನ. ಪುಕ್ಕಟೆ ಪುಣ್ಯ ಯಾರಿಗೆ ಕಹಿ? ಚಿತ್ರದ ಫೋಟೊ ಮಷಿನ್ನಿನ ಮೇಲಿನ ಗೋಡೆಗೆ ಬಂತು, ಗಿರಾಕಿಗಳೂ ಬಂದರು.

ಈಗ ಚಿತ್ರ ಮತ್ತೆ ತೆರೆಗೆ ಬಂದಿದೆ. ಭಾನುವಾರ ಟಾಕೀಸಿನಲ್ಲಿ ಟೈಲರಮ್ಮನಿಗೆ ಸನ್ಮಾನ. ಅದಕ್ಕೆ ನಾಲ್ಕು ದಿನವಿರುವಾಗ ಐವತ್ತರ ಅಂಚಿನ ಹೆಂಗಸೊಬ್ಬಳು ಬಟ್ಟೆ ಹಿಡಿದು ಅಂಗಡಿಗೆ ಬಂದಳು. ಅಳತೆಗೆಂದು ತೋಳು ಚಾಚಿದಾಗ ಹಳೆಯ ಕಲೆಗಳು ಕಂಡವು. ಟೈಲರಮ್ಮನ ಕೈ ನಿಂತುಹೋಯಿತು.

"ಅವತ್ತು ನೀವು ನೋಡಿದ್ರಿ," ಎಂದಳು ಆಕೆ, ತಣ್ಣಗೆ. "ಇನ್ನು ಆ ಮನೆಗೆ ಹೋಗೋದು ಬೇಡ ಅಂತ ಖುಷಿಪಟ್ಟಿದ್ದೆ. ಆಮೇಲೆ ನೀವೇ ತೋಳಿನ ಗುಂಡಿ ಹಾಕಿದ್ರಿ."

ಟೈಲರಮ್ಮ ಬಾಗಿಲ ಕಡೆ ನೋಡಿದಳು. "ಎಲ್ರಿಗೂ ಹೇಳ್ತೀಯಾ, ತಾಯಿ?"

"ನಾನ್ಯಾಕೆ? ಭಾನುವಾರ ನೀವೇ ಹೇಳಿ. ಪಕ್ಕದಲ್ಲೇ ಕೂತಿರ್ತೀನಿ. ನನಗೆ ತೋಳಿಲ್ಲದ ಅಂಗಿ ಹೊಲಿದುಕೊಡಿ."

ಹೊಲಿದುಕೊಟ್ಟಳು. ನಾಲ್ಕು ದಿನ ಮಷಿನ್ ತುಳಿಯುತ್ತಾ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು: ಗಾಯ ನೋಡಿದೆ, ಮುಚ್ಚೋಕೆ ಅಂಗಿ ಹೊಲಿದೆ, ನನ್ನ ಹೊಟ್ಟೆಪಾಡು ನೋಡಿಕೊಂಡೆ.

ಭಾನುವಾರ ಟಾಕೀಸು ತುಂಬಿತ್ತು. ಮೈಕು ಕೈಗೆ ಬಂತು. ಎದುರಿನ ಒದ್ದೆ ಕಣ್ಣುಗಳನ್ನು ನೋಡಿದಳು. ಕಲಿತದ್ದರ ಬದಲು ಹಳೆಯ ಮಾತೇ ಹೊರಬಂತು.

"ನಾನೇನೂ ಮಾಡಿಲ್ಲ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಕುರ್ಚಿಯಲ್ಲಿ ಎರಡು ಬರಿ ತೋಳುಗಳು ಮಾತ್ರ ಮಡಿಲು ಬಿಟ್ಟು ಏಳಲಿಲ್ಲ.